ಪರವಾಗಿಲ್ಲ ಎಂದು ಬರೆದುಕೊಟ್ಟ ವರ್ಷ

ಹೋದ ಸೋಮವಾರ ನನ್ನ ಮಗಳ ಮಗಳು ಸಿಂಚನ ಬಸ್ಸಿನಿಂದ ಇಳಿದಾಗ ಅವಳ ಬಗಲಲ್ಲಿ ಒಂದು ಕುಳ್ಳ ಮಣೆ ಇತ್ತು. ಸ್ಟೂಲು ಅನ್ನೋಣವೆಂದರೆ ಅಷ್ಟು ಎತ್ತರವಿಲ್ಲ, ಈಳಿಗೆಮಣೆ ಅನ್ನೋಣವೆಂದರೆ ಈಳಿಗೆ ಇಲ್ಲ. ಬೆಂಗಳೂರಿನಲ್ಲಿ ಅವಳು ಡಿಸೈನ್ ಓದುತ್ತಾಳೆ. ಜನ ದಿನಾ ಬಳಸುವ ಸಾಮಾನನ್ನು ಹೇಗೆ ಮಾಡಿದರೆ ಕೈಗೂ ಮೈಗೂ ಹಿತ ಅನ್ನುವುದನ್ನು ಕಲಿಸುವ ಓದಂತೆ ಅದು. ಕೊನೆಯ ವರ್ಷದ ಕೆಲಸಕ್ಕೆ ಬೇರೆ ಮಕ್ಕಳು ಏನೇನೋ ಆರಿಸಿಕೊಂಡರಂತೆ. ಇವಳು ಆರಿಸಿಕೊಂಡಿದ್ದು ನಮ್ಮ ಅರಸೀಕೆರೆಯಲ್ಲಿ ಕರಟ ಒಡೆದು ಕೊಬ್ಬರಿ ತೆಗೆಯುವ ಹೆಂಗಸರು ಕೂತುಕೊಳ್ಳುವ ಮಣೆ. ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಎದುರುಮನೆಯವರಿಗೆ ಹೇಳಿದೆ, ಹಾಲು ಹಾಕುವವನಿಗೆ ಹೇಳಿದೆ, ಬೀಪಿ ಗುಳಿಗೆ ತರಲು ಹೋದಾಗ ಔಷಧಿ ಅಂಗಡಿಯವನಿಗೂ ಹೇಳಿದೆ. ಅವನು ನಗುತ್ತಾ ಗುಳಿಗೆ ಬದಲು ಬೇರೆ ಏನನ್ನೋ ಕಟ್ಟಿಕೊಟ್ಟ, ಮತ್ತೆ ಹೋಗಿ ಬದಲಾಯಿಸಿಕೊಂಡು ಬಂದೆ. ಬೇಜಾರೇನೂ ಆಗಲಿಲ್ಲ. ಇನ್ನೊಂದು ಸಲ ಹೇಳಿ ಬಂದೆ.

ಮಣೆಯನ್ನು ಪರೀಕ್ಷೆ ಮಾಡಬೇಕು, ಅಟ್ಟದಿಂದ ನಾಲ್ಕು ಕಾಯಿ ಇಳಿಸಿಕೊಡಿ ಅಜ್ಜಿ ಅಂದಳು. ಏಣಿ ನಾನು ಹತ್ತುವ ಹಾಗಿಲ್ಲ, ಅವಳೇ ಹತ್ತಿದಳು. ಅಟ್ಟದ ಬಾಗಿಲು ತಳ್ಳಿದ್ದೇ ತಡ, ವರ್ಷದಿಂದ ಮೇಲೆ ಮಲಗಿದ್ದ ಕಾಯಿಗಳ ವಾಸನೆ ಕೆಳಗಿಳಿಯಿತು. ಒಣಗಿದ ಸಿಪ್ಪೆ, ಧೂಳು, ಸ್ವಲ್ಪ ಹೊಗೆ, ಅದರ ಹಿಂದೆ ಎಣ್ಣೆಯ ಸಿಹಿ. ನಾನು ಏಣಿಯ ಕಾಲು ಹಿಡಿದುಕೊಂಡು ನಿಂತಿದ್ದೆ. ಬಾಯಿ ತುಂಬಾ ನಗು ಇಟ್ಟುಕೊಂಡೇ ನಿಂತಿದ್ದೆ. ಆ ವಾಸನೆ ಮೂಗಿಗೆ ಬಡಿದ ಮೇಲೆ ನಗು ಎಲ್ಲಿ ಹೋಯಿತೋ ಗೊತ್ತಿಲ್ಲ. ಏಕೆಂದರೆ ಇಂಥ ಓದು ಓದುವ ಹುಡುಗಿಯೊಬ್ಬಳು ನಮ್ಮ ಮನೆಗೆ ಬಂದಿದ್ದು ಇದು ಎರಡನೇ ಸಲ.

ಮೊದಲನೆಯವರು ಬಂದಿದ್ದು ಅರವತ್ತನಾಲ್ಕೋ ಅರವತ್ತೈದೋ ಇರಬೇಕು. ಸೇರು ಹೋಗಿ ಕಿಲೋ ಬಂದಿತ್ತು, ಜನರ ಬಾಯಲ್ಲಿ ಇನ್ನೂ ಸೇರೇ ಇತ್ತು. ನನಗೆ ಹದಿನೇಳು. ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ನಮ್ಮಣ್ಣನ ಮನೆ. ಗಂಡಸಿಯ ಹತ್ತಿರ ನಮ್ಮ ತೋಟ, ಅಲ್ಲಿಂದ ಗಾಡಿಯಲ್ಲಿ ಬಂದ ಕಾಯಿ ಅಟ್ಟಕ್ಕೆ ಹೋಗುತ್ತಿತ್ತು. ಅವ್ವ ಹೋದಾಗ ನನಗೆ ಆರು ವರ್ಷ. ಅಲ್ಲಿಂದ ಮುಂದೆ ನನ್ನನ್ನು ಸಾಕಿದವಳು ಅಣ್ಣನ ಹೆಂಡತಿ, ಗೌರಮ್ಮ. ಬಾಯಿಗೆ ಅತ್ತಿಗೆ ಅಂದರೂ ಮನಸ್ಸಿಗೆ ಅವಳೇ ಅವ್ವ. ಅವಳಿಗೆ ಮಕ್ಕಳಾಗಿರಲಿಲ್ಲ. ದಿನಾ ಬೆಳಿಗ್ಗೆ ನನ್ನನ್ನು ಮೊಣಕಾಲ ನಡುವೆ ಕೂರಿಸಿಕೊಂಡು, ಎಣ್ಣೆ ಹಚ್ಚಿ, ತಲೆನೋವು ಬರುವಷ್ಟು ಬಿಗಿಯಾಗಿ ಎರಡು ಜಡೆ ಹೆಣೆಯುತ್ತಿದ್ದಳು. ಹದಿನೇಳಾದರೂ ಬಿಡಲಿಲ್ಲ.

ಈ ಕೊಬ್ಬರಿಯ ಕೆಲಸ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ನಮ್ಮ ಕಡೆ ಕಾಯಿಯನ್ನು ಹಸಿಯಾಗಿದ್ದಾಗ ಒಡೆದು ಒಣಗಿಸುವುದಿಲ್ಲ. ಇಡೀ ಕಾಯಿಯನ್ನೇ ವರ್ಷದ ಕಾಲ ಅಟ್ಟದಲ್ಲಿ ಬಿಡುತ್ತೇವೆ. ಒಳಗಿನ ನೀರು ಇಂಗಿ, ಕೊಬ್ಬರಿ ಕರಟವನ್ನು ಬಿಟ್ಟು ಉಂಡೆಯಾಗಿ ಒಳಗೇ ಅಲ್ಲಾಡುತ್ತದೆ. ಆಗ ಸಿಪ್ಪೆ ಸುಲಿದು, ಕಾಯಿಯನ್ನು ಎಡಗೈಲಿ ಹಿಡಿದು, ಬಲಗೈಯ ಮಚ್ಚಿನ ಬೆನ್ನಿಂದ ಸುತ್ತಲೂ ಮೆಲ್ಲಗೆ ತಟ್ಟಿ, ಸರಿಯಾದ ಜಾಗದಲ್ಲಿ ಅಲಗಿನಿಂದ ಒಂದು ಏಟು ಹಾಕಬೇಕು. ಕರಟ ಎರಡಾಗುತ್ತದೆ, ಉಂಡೆ ಗೀರು ಬೀಳದೆ ಈಚೆ ಬರುತ್ತದೆ. ಜಾಗ ತಪ್ಪಿದರೆ ಉಂಡೆ ಚೂರಾಗುತ್ತದೆ. ನಮ್ಮ ಪಡಸಾಲೆಯಲ್ಲಿ ನಾಲ್ಕು ಜನ ಹೆಂಗಸರು ಕೂತು ಈ ಕೆಲಸ ಮಾಡುತ್ತಿದ್ದರು. ಅವರ ಪೈಕಿ ಅತ್ತಿಗೆಯ ಕೈ ಬೇರೆ. ಅವಳು ಕಾಯಿಯ ಕಡೆ ನೋಡುತ್ತಲೇ ಇರಲಿಲ್ಲ. ನನ್ನ ಜೊತೆ ಮಾತಾಡುತ್ತಾ, ಒಲೆಯ ಮೇಲಿನ ಸಾರಿನ ಬಗ್ಗೆ ಯೋಚಿಸುತ್ತಾ ಒಡೆಯುತ್ತಿದ್ದಳು. ಒಂದೂ ಚೂರಾಗುತ್ತಿರಲಿಲ್ಲ.

ಕಾರ್ತಿಕದಲ್ಲಿ ಮಂಜು ಬೀಳುತ್ತಿದ್ದ ಒಂದು ಬೆಳಿಗ್ಗೆ ಮಾಲತಿಯವರು ಬಂದರು. ಪುಣೆಯ ಕಡೆಯವರು. ಯಾವುದೋ ದೂರದ ಊರಲ್ಲಿ ಹೊಸದಾಗಿ ಶುರುವಾಗಿದ್ದ ಡಿಸೈನ್ ಶಾಲೆಯಲ್ಲಿ ಓದುತ್ತಿದ್ದರು. ಹಳ್ಳಿಯ ಕೈಕೆಲಸವನ್ನು ನೋಡಿ, ತಿಳಿದು, ಅದಕ್ಕೆ ಒದಗುವ ಒಂದು ಸಾಮಾನು ಮಾಡಿ ತೋರಿಸಿದರೆ ಅವರ ಓದು ಮುಗಿಯುತ್ತಿತ್ತು. ಪಕ್ಕದ ಓಣಿಯ ಹೆಡ್‌ಮಾಸ್ಟರ ಮನೆಯಲ್ಲಿ ಇಳಿದುಕೊಂಡಿದ್ದರು. ಕನ್ನಡವನ್ನು ಪುಸ್ತಕ ನೋಡಿ ಕಲಿತಿದ್ದರು. ಕೆಲಸದ ಹೆಂಗಸರಿಗೂ ‘ದಯವಿಟ್ಟು ಕುಳಿತುಕೊಳ್ಳಿರಿ’ ಅನ್ನುತ್ತಿದ್ದರು. ಕೊರಳಲ್ಲಿ ಸದಾ ದರ್ಜಿಯ ಟೇಪು. ಒಂದು ಮಗ್ಗುಲಲ್ಲಿ ಇಂಚು, ಇನ್ನೊಂದು ಮಗ್ಗುಲಲ್ಲಿ ಸೆಂಟಿಮೀಟರು. ಹೆಂಗಸರ ಮೊಣಕೈ, ಮಂಡಿ, ಬೆರಳು, ಕೂತಾಗಿನ ಎತ್ತರ, ಬಾಗಿದಾಗಿನ ಎತ್ತರ ಎಲ್ಲವನ್ನೂ ಅಳೆದು ಬರೆದುಕೊಂಡರು. ಕೆಂಚಮ್ಮ ಅಂತ ಒಬ್ಬಳಿದ್ದಳು, ಬಾಯಿ ಜೋರು. ಅವಳ ನಡು ಅಳೆದಾಗ, “ಡಾಬು ಮಾಡಿಸಾಕ್ತೀರಾ ತಾಯಿ? ನಮ್ ಯಜಮಾನ್ರಂತೂ ಮಾಡಿಸ್ಲಿಲ್ಲ” ಅಂದಳು. ಅವತ್ತಿನಿಂದ ಮಾಲತಿಯವರಿಗೆ ಟೇಪಮ್ಮ ಅಂತಲೇ ಹೆಸರಾಯಿತು. ಅವರು ಅದನ್ನೂ ಪುಸ್ತಕದಲ್ಲಿ ಬರೆದುಕೊಂಡು ಅರ್ಥ ಕೇಳಿದರು.

ಹತ್ತು ದಿನ ಸುಮ್ಮನೆ ಕೂತು ನೋಡಿದರು. ರೈಲಿನ ಎಂಜಿನ್ನು ಕೂಗಿದ ಕೂಡಲೇ ಅಂಗಳದಲ್ಲಿ ಹರವಿದ ಕೊಬ್ಬರಿಗೆ ನಾವು ಗೋಣಿ ಹೊದಿಸುತ್ತಿದ್ದೆವು, ಇಲ್ಲದಿದ್ದರೆ ಇದ್ದಿಲ ಮಸಿ ಕೂರುತ್ತಿತ್ತು. ಎದ್ದು ಓಡಿ ಬಂದು ಅವರೂ ಹೊದಿಸುತ್ತಿದ್ದರು. ಹತ್ತನೆಯ ದಿನ ನಾಲ್ಕೂ ಜನರ ಎಡಗೈ ತೋರಿಸಲು ಹೇಳಿದರು. ಎಲ್ಲರ ಎಡಗೈಯಲ್ಲೂ ಹಳೆಯ ಗಾಯದ ಗೆರೆಗಳು, ಹೆಬ್ಬೆರಳ ಬುಡದಲ್ಲಿ, ಅಂಗೈ ಅಂಚಿನಲ್ಲಿ. ನಮಗೆ ಅದು ಗಾಯ ಅಂತಲೇ ಅನಿಸುತ್ತಿರಲಿಲ್ಲ. ಅವರು ಅತ್ತಿಗೆಯ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು ತುಂಬಾ ಹೊತ್ತು ನೋಡಿ, “ಈ ಕೈಗಳನ್ನು ಉಳಿಸಬೇಕು” ಅಂದರು. ಕಾಯಿಯನ್ನು ಕೈಲಿ ಹಿಡಿಯದೆ, ಹಿಡಿಯುವುದಕ್ಕೇ ಬೇರೆ ಒಂದು ಸಾಮಾನು ಮಾಡಬೇಕು ಅಂತ ಅವತ್ತು ತೀರ್ಮಾನಿಸಿದರು. ಅವರ ಉದ್ದೇಶದಲ್ಲಿ ಎಳ್ಳಷ್ಟೂ ಕೆಟ್ಟದ್ದಿರಲಿಲ್ಲ. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ನಾನು ನಾಲ್ಕನೇ ಕ್ಲಾಸಿನ ತನಕ ಹೋಗಿದ್ದೆ, ಅಕ್ಷರ ಗುಂಡಾಗಿದ್ದವು. ಹಾಗಾಗಿ ಪುಸ್ತಕ ನನ್ನ ಕೈಗೆ ಬಂತು. ಅವರು ಕೇಳುವುದು, ಹೆಂಗಸರು ಹೇಳುವುದು, ನಾನು ಬರೆಯುವುದು. ಸಂಜೆ ಹೆಡ್‌ಮಾಸ್ಟರ ಮನೆಯಲ್ಲಿ ಕೂತು ಅವರು ನನ್ನ ಬರವಣಿಗೆಯನ್ನು ತಮ್ಮ ಭಾಷೆಗೆ ಇಳಿಸಿಕೊಳ್ಳುತ್ತಿದ್ದರು.

ಮಾರ್ಗಶಿರದಲ್ಲಿ ಒಂದು ದಿನ, ಹಳೇಬೀಡು ಬೇಲೂರು ನೋಡಬೇಕು, ಜೊತೆಗೆ ನೀಲಮ್ಮನನ್ನು, ಅಂದರೆ ನನ್ನನ್ನು, ಕಳಿಸಿಕೊಡಿ ಅಂತ ಕೇಳಿದರು. ಅಣ್ಣ ಆಗದು ಅಂದ. ಅತ್ತಿಗೆ ಅಣ್ಣನಿಗೆ ಏನು ಹೇಳಿದಳೋ, ಬೆಳಿಗ್ಗೆ ಎದ್ದಾಗ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿ ಇಟ್ಟಿದ್ದಳು. ಜಾವಗಲ್ಲಿನ ಮೇಲೆ ಬಸ್ಸು. ನಾನು ಅದುವರೆಗೆ ಗಂಡಸಿ ಬಿಟ್ಟು ಬೇರೆ ಊರು ಕಂಡವಳಲ್ಲ.

ಹಳೇಬೀಡಿನ ಗುಡಿಯಲ್ಲಿ ಎಲ್ಲರೂ ಗೋಡೆಯ ಬೊಂಬೆಗಳನ್ನು ನೋಡಿದರೆ ಇವರು ಕಂಬದ ಹತ್ತಿರ ಕೂತರು. ಕಡೆದ ಕಂಬಗಳು. ಬುಗುರಿಯ ಮೇಲೆ ಬುಗುರಿ ಇಟ್ಟ ಹಾಗೆ ಬಳೆ ಬಳೆಯಾಗಿ, ಮುಖ ಕಾಣುವಷ್ಟು ನುಣುಪು. ಬಗ್ಗಿಸಿದ ಹಾಗೆ ಬಗ್ಗುವ ಸೀಸದ ಪಟ್ಟಿಯೊಂದನ್ನು ಕಂಬಕ್ಕೆ ಒತ್ತಿ, ಅದರ ಬಾಗು ಹಿಡಿದುಕೊಂಡು, ಕಾಗದದ ಮೇಲಿಟ್ಟು ಪೆನ್ಸಿಲಲ್ಲಿ ಗೆರೆ ಎಳೆಯುತ್ತಿದ್ದರು. ಕಾವಲಿನವನು ಒಂದು ಗಳಿಗೆ ನೋಡಿದ, ಎರಡು ಗಳಿಗೆ ನೋಡಿದ, ಆಮೇಲೆ ಬಂದು, “ಏನ್ ತಾಯಿ, ಕಂಬುಕ್ಕೆ ರವಿಕೆ ಹೊಲಿಸ್ತೀರಾ?” ಅಂದ. ನಾನು ನಕ್ಕು ಸುಸ್ತಾದೆ. ಅವರು ನಗಲಿಲ್ಲ. ಇಷ್ಟು ಭಾರದ ಕಲ್ಲನ್ನು ತಿರುಗಿಸಿ ಕಡೆದಿದ್ದಾರೆ ಅಂದಮೇಲೆ, ತಿರುಗುವಾಗ ಅದನ್ನು ಯಾವುದು ಹಿಡಿದಿತ್ತು ಅಂತ ನನ್ನನ್ನು ಕೇಳಿದರು. ನನಗೇನು ಗೊತ್ತು. ಅವರ ತಲೆಯಲ್ಲಿ ಹಿಡಿಯುವುದೊಂದೇ ಓಡುತ್ತಿತ್ತು.

ಬೇಲೂರಿನಲ್ಲಿ ಅವರ ಕೈ ಸೋತಿತ್ತು. ಪಟ್ಟಿ ನನಗೆ ಕೊಟ್ಟು ಗೆರೆ ಎಳೆಯಲು ಹೇಳಿದರು. ಎಳೆದೆ. ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, “ನೀಲಮ್ಮ, ನಿಮ್ಮ ಕೈ ನಡುಗುವುದಿಲ್ಲ” ಅಂದರು. ಆಮೇಲೆ ಗುಡಿಯ ಜಗಲಿ ಮೇಲೆ ರೊಟ್ಟಿ ತಿನ್ನುವಾಗ ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ. ಅವರ ಶಾಲೆಯಲ್ಲಿ ಮರದ ಕೆಲಸ, ಮಣ್ಣಿನ ಕೆಲಸ ಕಲಿಸುವ ಕಾರ್ಖಾನೆ ಇದೆಯಂತೆ. ಅಲ್ಲಿಗೆ ಸೇರಲು ಓದು ಕೇಳುವುದಿಲ್ಲವಂತೆ, ಕೈ ನೋಡುತ್ತಾರಂತೆ. “ನಮ್ಮ ಗುರುಗಳು ಮಾಘದಲ್ಲಿ ಬರುತ್ತಾರೆ. ನನ್ನ ಕೆಲಸ ಅವರಿಗೆ ಒಪ್ಪಿಗೆಯಾದರೆ ನಿಮ್ಮ ವಿಷಯವನ್ನು ನಾನೇ ಹೇಳುತ್ತೇನೆ.” ಬೇಲೂರಿನ ಬಿಸಿಲಲ್ಲಿ ಕೂತು ನಾನು ಆ ದೂರದ ಊರನ್ನು ಕಟ್ಟಿಯೇಬಿಟ್ಟೆ. ಅಲ್ಲಿ ನನಗೊಂದು ಮೇಜಿತ್ತು. ಮೇಜಿನ ಮೇಲೆ ಸೀಸದ ಪಟ್ಟಿ ಇತ್ತು.

ವಾಪಸು ಬರುವಾಗ ಮಾದಿಹಳ್ಳಿಯಲ್ಲಿ ಇಳಿದೆವು. ಅಲ್ಲಿ ತೊಟ್ಟಿಲ ಕಾಲು, ಮಂಚದ ಕಾಲು ಕಡೆದುಕೊಡುವ ಆಚಾರ್ರು ಒಬ್ಬರಿದ್ದರು, ವಯಸ್ಸಾದವರು. ಮಾಲತಿಯವರು ಚಿತ್ರ ಬಿಡಿಸಿ ತೋರಿಸಿದರು. ಕುಳ್ಳ ಕಂಬ, ಹಳೇಬೀಡಿನ ಕಂಬದ್ದೇ ಬಾಗು, ಮೇಲೆ ಅಂಚು ಒಳಕ್ಕೆ ತಿರುಗಿದ ಒಂದು ಬಟ್ಟಲು. ಕಾಯಿಯನ್ನು ಬಟ್ಟಲಲ್ಲಿ ಕೂರಿಸಿ ಮೇಲಿಂದ ಏಟು ಹಾಕುವುದು, ಎಡಗೈ ಮಡಿಲಲ್ಲಿ ಆರಾಮವಾಗಿ ಇರುವುದು. ಆಚಾರ್ರು ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿದರು. “ಸೆಂಟಿಮೀಟ್ರು ನಂಗೆ ಬರಾಕಿಲ್ಲ, ಅಂಗುಲ್ದಲ್ಲಿ ಹೇಳಿ. ಅದಿರ್ಲಿ, ಇದ್ರಲ್ಲಿ ಕೆಲ್ಸ ಮಾಡೋ ಹೆಣ್ಮಗಳನ್ನ ಒಂದ್ ಕಿತ ಕರ್ಕಂಬನ್ನಿ. ಕೈ ನೋಡ್ದೆ ನಾನು ಕೊಡಲಿ ಕಾವೂ ಮಾಡಾಕಿಲ್ಲ” ಅಂದರು. ಮಾಲತಿಯವರು ಅತ್ತಿಗೆಯ ಕೈಯ ಅಳತೆ ಬರೆದಿದ್ದ ಹಾಳೆ ತೋರಿಸಿದರು. ಆಚಾರ್ರು ಹಾಳೆಯನ್ನು ನೋಡಿ, ನನ್ನ ಮುಖವನ್ನು ನೋಡಿ, ಅದನ್ನು ಮಡಚಿ ಇಟ್ಟುಕೊಂಡರು. ಹಲಸಿನ ಮರದಲ್ಲಿ ನಾಲ್ಕು ಬಟ್ಟಲು ಕಡೆದು ಕಳಿಸಿದರು. ಎಷ್ಟು ಚೆಂದ ಇದ್ದವೆಂದರೆ ಕೆಂಚಮ್ಮ ಒಂದಕ್ಕೆ ಕುಂಕುಮ ಇಟ್ಟಳು.

ಇದನ್ನು ಬರೆಯುತ್ತಾ ಕೂತಿದ್ದೇನೆ, ಒಳಗೆ ಸಿಂಚನ ಮಣೆಯ ಅಂಚನ್ನು ಮರಳು ಕಾಗದದಲ್ಲಿ ಉಜ್ಜುವ ಸದ್ದು ಕೇಳುತ್ತಿದೆ. ಕಿವಿಗೆ ಹಬ್ಬ. ಎದ್ದು ಹೋಗಿ ಒಂದು ಸಲ ನೋಡಿ ಬಂದೆ. ಮುಂದಿನದನ್ನು ಬರೆಯಲು ಅಷ್ಟು ಧೈರ್ಯ ಬೇಕಿತ್ತು.

ಪುಷ್ಯದಲ್ಲಿ ಬಟ್ಟಲು ಕೆಲಸಕ್ಕೆ ಇಳಿಯಿತು. ಬೆಳಿಗ್ಗೆಯ ಕೆಲಸ ಬಟ್ಟಲಲ್ಲಿ, ಮಧ್ಯಾಹ್ನದ್ದು ಕೈಯಲ್ಲಿ, ಅದು ಪರೀಕ್ಷೆ. ದಿನದ ಕೊನೆಗೆ ಮಾಲತಿಯವರು ಒಬ್ಬೊಬ್ಬರನ್ನೇ, “ಇದು ಹೇಗೆ ಅನಿಸುತ್ತದೆ, ತಿಳಿಸಿರಿ” ಅಂತ ಕೇಳುತ್ತಿದ್ದರು. ನಾಲ್ಕೂ ಜನ ಒಂದೇ ಮಾತು: ಪರವಾಗಿಲ್ಲ. ನಾನು ಗುಂಡಗೆ ಬರೆಯುತ್ತಿದ್ದೆ. ಕೆಂಚಮ್ಮ, ಪರವಾಗಿಲ್ಲ. ಗೌರಮ್ಮ, ಪರವಾಗಿಲ್ಲ. ಓದಿ ಮಾಲತಿಯವರ ಮುಖ ಅರಳುತ್ತಿತ್ತು. ನಮ್ಮ ಊರಲ್ಲಿ ಆ ಮಾತಿಗೆ ಎಷ್ಟು ಮುಖ ಇದೆ ಅಂತ ನಮಗೆ ಗೊತ್ತು. ಅನ್ನ ಬಡಿಸಿದವರಿಗೆ ಹೇಳುವುದು ಅದೇ, ಕಾಲು ತುಳಿದವರಿಗೆ ಹೇಳುವುದೂ ಅದೇ. ಮನೆಗೆ ಬಂದವರ ಮುಖದ ಮೇಲೆ ಚೆನ್ನಾಗಿಲ್ಲ ಅಂತ ನಾವು ಹೇಳುವವರಲ್ಲ.

ಮೊದಲ ವಾರವೇ ಅತ್ತಿಗೆ ಜಡೆ ಹೆಣೆಯುತ್ತಾ ನನ್ನ ಕಿವಿಯಲ್ಲಿ ಹೇಳಿದಳು. “ಕಾಯಿ ಅಂಗೈ ಜೊತೆ ಮಾತಾಡ್ತದೆ ಕಣೇ ನೀಲಾ. ಎಲ್ಲಿ ಬಿಟ್ಕಂಡೈತೆ, ಎಲ್ಲಿ ಅಂಟ್ಕಂಡೈತೆ ಅಂತ ಅದೇ ಹೇಳ್ತದೆ. ಬಟ್ಲಲ್ಲಿ ಕೂರ್ಸುದ್ರೆ ಮೂಗಿ ಆಗೋಯ್ತದೆ.”

ಇದನ್ನು ಬರೆಯಲಾ ಅಂತ ಕೇಳಿದೆ.

“ಬ್ಯಾಡ ಬಿಡು. ಪಾಪ, ಅಷ್ಟು ದೂರದಿಂದ ಬಂದವ್ರೆ. ಪರ್ವಾಗಿಲ್ಲ ಅಂತ ಬರಿ.”

ಮೂಗಿಯಾದ ಕಾಯಿಯನ್ನು ಮಾತಾಡಿಸಲು ಹೆಂಗಸರು ಒಂದು ಉಪಾಯ ಮಾಡಿಕೊಂಡರು. ಬಟ್ಟಲ ಅಂಚಿಗೂ ಕಾಯಿಗೂ ನಡುವೆ ಎಡಗೈಯ ಎರಡು ಮೂರು ಬೆರಳು ತೂರಿಸಿ ಹಿಡಿಯುವುದು. ಬೆರಳಿಗೆ ಒಂದಿಷ್ಟು ಗೊತ್ತಾಗುತ್ತಿತ್ತು. ಮಾಲತಿಯವರು ಹತ್ತಿರ ಬಂದರೆ ಬೆರಳು ತೆಗೆದು ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದರು, ಅವರಿಗೆ ಬೇಜಾರಾದೀತು ಅಂತ. ಬರಿಗೈಯಲ್ಲಿ ಹಿಡಿದಾಗ ಏಟು ಬಿದ್ದರೆ ಕಾಯಿಯೂ ಕೈಯೂ ಒಟ್ಟಿಗೆ ಕೆಳಗೆ ಜಾರುತ್ತವೆ, ಗಾಯವಾದರೂ ಗೀರು. ಬಟ್ಟಲಲ್ಲಿ ಬೆರಳಿಗೆ ಜಾರಲು ದಾರಿಯೇ ಇಲ್ಲ.

ಎರಡು ವಾರ ಕಳೆದ ಮೇಲೆ ಅತ್ತಿಗೆ ಬೆರಳು ತೋರಿಸಿದಳು. ಅಂಚು ಒತ್ತಿ ಒತ್ತಿ ಮೂರು ಬೆರಳು ಕೆಂಪಾಗಿ ಊದಿದ್ದವು. ಈ ಸಲ ಬರೆಯಬೇಡ ಅನ್ನಲಿಲ್ಲ. “ಹೇಳೇ ಅವ್ರಿಗೆ. ನಾನು ಹೇಳುದ್ರೆ ಮಖ ಸಣ್ದು ಮಾಡ್ಕತಾರೆ. ನಿನ್ ಮಾತು ಕೇಳ್ತಾರೆ, ನಯವಾಗಿ ಹೇಳು” ಅಂದಳು. ಹೂಂ ಅಂದೆ.

ಹೇಳಲಿಲ್ಲ. ಆ ಸಂಜೆ ಪುಸ್ತಕದಲ್ಲಿ, ಗೌರಮ್ಮ, ಪರವಾಗಿಲ್ಲ ಅಂತ ಬರೆದೆ. ಗುರುಗಳು ಬರಲು ಎಂಟೋ ಹತ್ತೋ ದಿನ ಉಳಿದಿತ್ತು. ಕೆಲಸ ಒಪ್ಪಿಗೆಯಾದರೆ ನನಗೆ ಆ ಮೇಜು, ಇಲ್ಲದಿದ್ದರೆ ಇದೇ ಪಡಸಾಲೆ. ಆಮೇಲೆ ಹೇಳಿದರಾಯಿತು, ಗುರುಗಳು ಹೋದ ಮಾರನೇ ದಿನವೇ ಹೇಳುತ್ತೇನೆ ಅಂತ ನನಗೆ ನಾನೇ ಹೇಳಿಕೊಂಡೆ.

ಗುರುಗಳು ಬರುವ ದಿನ ಬೆಳಿಗ್ಗೆ ಅತ್ತಿಗೆ ನನ್ನ ಜಡೆ ಹೆಣೆದು, ಹೂ ಮುಡಿಸಿ, ಹಿಂದಿನಿಂದಲೇ ಕೇಳಿದಳು. “ಹೇಳ್ದೇನೇ?”

“ಹೇಳ್ದೆ ಅತ್ತಿಗೆ. ಗುರುಗಳು ಬಂದೋಗ್ಲಿ, ಸರಿ ಮಾಡ್ತೀನಿ ಅಂದ್ರು.”

ಅವಳ ಮುಖ ನನಗೆ ಕಾಣುತ್ತಿರಲಿಲ್ಲ. ಜಡೆಯ ತುದಿಗೆ ರಿಬ್ಬನ್ನು ಕಟ್ಟಿ ಬೆನ್ನ ಮೇಲೆ ಮೆಲ್ಲಗೆ ಒಂದು ತಟ್ಟಿದಳು. ಅದೇ ಕೊನೆಯ ಜಡೆ.

ಹತ್ತು ಗಂಟೆಯ ರೈಲಿಗೆ ಗುರುಗಳು ಬಂದರು. ಬಿಳಿ ತಲೆ, ಖಾದಿ ಅಂಗಿ, ತುಂಬಾ ಸಮಾಧಾನದ ಮನುಷ್ಯ. ಅವರಿಗೆ ಚಾಪೆ ಹಾಸಿ ಕೂರಿಸಿದೆವು. ಮಾಲತಿಯವರು ಅತ್ತಿಗೆಯನ್ನು ಮುಂದೆ ಕೂರಿಸಿದರು, ಅವಳ ಕೈ ಚೆನ್ನಾಗಿದೆ ಅಂತ. ಮಾಲತಿಯವರು ಎದುರಿಗೇ ನಿಂತಿದ್ದರಿಂದ ಮೊದಲ ಮೂರು ಕಾಯಿಯನ್ನು ಅತ್ತಿಗೆ ಬೆರಳು ತೂರಿಸದೆ ಒಡೆದಳು. ಮೂರೂ ಚೂರಾದವು. ಅವಳ ಕೈಯಲ್ಲಿ ಒಂದು ಚೂರಾಗಿದ್ದನ್ನೇ ನಾನು ಕಂಡಿರಲಿಲ್ಲ. ಕೆಂಚಮ್ಮ ತಲೆ ತಗ್ಗಿಸಿದಳು. ಅತ್ತಿಗೆ ತಲೆಯೆತ್ತಿ ಮಾಲತಿಯವರ ಮುಖ ನೋಡಿದಳು. ಆ ಮುಖ ಬಿಳಿಚಿಕೊಂಡಿತ್ತು. ಆಮೇಲೆ ನನ್ನ ಕಡೆ ನೋಡಿದಳು. ನನ್ನ ಮುಖದಲ್ಲಿ ಏನು ಕಂಡಳೋ. ನಾಲ್ಕನೆಯ ಕಾಯಿಗೆ ಬೆರಳು ತೂರಿಸಿದಳು.

ಉಂಡೆ ಚೆನ್ನಾಗಿ ಬಂತು. ಐದನೆಯದೂ ಬಂತು. ಗುರುಗಳು ತಲೆದೂಗಿದರು. ಆರನೆಯ ಕಾಯಿಯ ಹೊತ್ತಿಗೆ ಎಂಜಿನ್ನು ಕೂಗಿತು. ಅಂಗಳದಲ್ಲಿ ಕೊಬ್ಬರಿ ಹರವಿತ್ತು, ಗೋಣಿ ಹೊದಿಸಿರಲಿಲ್ಲ. ವರ್ಷಗಟ್ಟಲೆಯ ಅಭ್ಯಾಸ, ಅತ್ತಿಗೆಯ ಕಣ್ಣು ಅಂಗಳಕ್ಕೆ ಹೋಯಿತು. ಮಚ್ಚು ಆಗಲೇ ಇಳಿಯುತ್ತಿತ್ತು.

ಅವಳು ಕೂಗಲಿಲ್ಲ. ಬಟ್ಟಲಿನ ಬಾಗಿನ ಮೇಲೆ, ಹಳೇಬೀಡಿನ ಆ ಬಳೆ ಬಳೆಯ ಮೇಲೆ, ರಕ್ತ ಒಂದೊಂದೇ ಸುತ್ತು ಇಳಿಯಿತು. ಇನ್ನು ಬರೆಯಲಾರೆ.

ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು ಮಾಡುವುದೆಲ್ಲ ಮಾಡಿದರು. ಎಡಗೈಯ ಮೂರು ಬೆರಳು ಉಳಿಯಲಿಲ್ಲ. ಅಣ್ಣ ಮನೆಗೆ ಬಂದು ನಾಲ್ಕೂ ಬಟ್ಟಲನ್ನು ಹಂಡೆಯ ಒಲೆಗೆ ಹಾಕಿದ. ಕುಂಕುಮ ಇಟ್ಟಿದ್ದನ್ನೂ ಬಿಡಲಿಲ್ಲ. ಹಲಸಿನ ಮರ ನಿಧಾನವಾಗಿ ಉರಿಯುತ್ತದೆ, ಎರಡು ದಿನ ಉರಿಯಿತು. ಆ ನೀರನ್ನು ನಾನು ಮೈಗೆ ಹುಯ್ದುಕೊಳ್ಳಲಿಲ್ಲ.

ಮೂರನೆಯ ದಿನ ಆಸ್ಪತ್ರೆಯ ಬೇವಿನ ಮರದ ಕೆಳಗೆ ಮಾಲತಿಯವರು ಪುಸ್ತಕ ಹಿಡಿದುಕೊಂಡು ಕೂತಿದ್ದರು. ಕಣ್ಣು ಬತ್ತಿಹೋಗಿದ್ದವು. ನನ್ನ ಅಕ್ಷರದ ಮೇಲೆ ಬೆರಳಿಟ್ಟು ಕೇಳಿದರು. “ನೀಲಮ್ಮ, ಪರವಾಗಿಲ್ಲ ಎಂದರೆ ಒಳ್ಳೆಯದು ಎಂದಲ್ಲವೇ?”

“ತಡ್ಕೋಬಹುದು ಅಂತ” ಅಂದೆ.

ಅವರು ಕೆಂಪು ಪೆನ್ಸಿಲು ತೆಗೆದು ಮೊದಲ ಹಾಳೆಯಿಂದ ಶುರುಮಾಡಿದರು. ಪ್ರತಿಯೊಂದು ಪರವಾಗಿಲ್ಲವನ್ನೂ ಹೊಡೆದು ಹಾಕುತ್ತಾ ಹೋದರು. ಭಾಷೆ ಬಾರದ ನನ್ನಿಂದ ಹೀಗಾಯಿತು, ಒಂದು ಮಾತಿನ ಅರ್ಥ ಕೇಳದೆ ಹೋದೆ ಅಂತ ಹೇಳಿಕೊಳ್ಳುತ್ತಿದ್ದರು. ಅತ್ತಿಗೆ ನಿಮಗೆ ಹೇಳು ಅಂದಿದ್ದಳು, ನಾನೇ ಹೇಳಲಿಲ್ಲ ಅಂತ ಅವತ್ತು ಬಾಯಿಬಿಡಬೇಕಿತ್ತು. ಬಿಡಲಿಲ್ಲ. ಮರದ ಕೆಳಗೆ ಅವರ ಪಕ್ಕದಲ್ಲೇ ಕೂತು ಪೆನ್ಸಿಲು ಓಡುವುದನ್ನು ನೋಡುತ್ತಿದ್ದೆ.

ಒಳಗೆ ಹೋಗಿ ಅತ್ತಿಗೆಯ ಕಾಲು ಹಿಡಿದುಕೊಂಡರು. “ನನಗೆ ಯಾರೂ ಹೇಳಲಿಲ್ಲ” ಅಂದರು, “ನೀವು ಯಾರಾದರೂ ನನಗೆ ಹೇಳಬೇಕಿತ್ತು.”

ಅತ್ತಿಗೆ ನನ್ನ ಕಡೆ ನೋಡಿದಳು. ಒಂದೇ ಸಲ. ಆಮೇಲೆ ಬಟ್ಟೆ ಸುತ್ತಿದ ಕೈಯನ್ನು ಕಂಬಳಿಯೊಳಗೆ ಎಳೆದುಕೊಂಡು, ಮಾಲತಿಯವರ ತಲೆಯ ಮೇಲೆ ಬಲಗೈ ಇಟ್ಟಳು.

“ಪರ್ವಾಗಿಲ್ಲ ಬಿಡಿ ತಾಯಿ.”

ಫಾಲ್ಗುಣದ ಬಿಸಿಲು ಶುರುವಾದಾಗ ಮಾಲತಿಯವರು ರೈಲು ಹತ್ತಿದರು. ಮೇಜಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮಳೆಗಾಲದಲ್ಲಿ ಒಂದು ಕಾರ್ಡು ಬಂತು. ಆ ಓದು ಬಿಟ್ಟೆ, ಊರಿನ ಒಂದು ಶಾಲೆಯಲ್ಲಿ ಮಕ್ಕಳಿಗೆ ಚಿತ್ರ ಹೇಳಿಕೊಡುತ್ತಿದ್ದೇನೆ, ಗೌರಮ್ಮನವರ ಕೈ ಹೇಗಿದೆ ಅಂತ ಕೇಳಿದ್ದರು. ನಾನು ಉತ್ತರ ಬರೆದೆ. ‘ಅತ್ತಿಗೆಯ ಕೈ ಈಗ ಪರವಾಗಿಲ್ಲ’ ಅಂತ ಬರೆದು, ಓದಿ, ಹರಿದು ಹಾಕಿದೆ. ಬೇರೆ ಮಾತು ಎಷ್ಟು ಹುಡುಕಿದರೂ ಸಿಗಲಿಲ್ಲ. ಉತ್ತರ ಹೋಗಲೇ ಇಲ್ಲ. ತಮ್ಮ ಕಿವಿಯ ತಪ್ಪಿನಿಂದಲೇ ಕೆಟ್ಟದ್ದಾಯಿತು ಅಂತ ನಂಬಿಕೊಂಡೇ ಅವರು ಬದುಕಿರಬೇಕು.

ಅತ್ತಿಗೆಯ ಜಾಗದಲ್ಲಿ ನಾನು ಕೂತೆ. ನಡುಗದ ಕೈ ಅಲ್ವಾ, ಬೇಗ ಕಲಿತೆ. ಅರಸೀಕೆರೆಯಲ್ಲೇ, ಎರಡು ಓಣಿ ಆಚೆಗೆ ಮದುವೆಯಾದೆ, ದಿನಾ ಹೋಗಿ ಅವಳ ತಲೆ ಬಾಚುತ್ತಿದ್ದೆ. ಎರಡು ಬೆರಳಿನ ಕೈಯಿಂದ ಅವಳಿಗೆ ರೊಟ್ಟಿ ತಟ್ಟಲು ಬರುತ್ತಿರಲಿಲ್ಲ, ಜಡೆ ಹೆಣೆಯಲು ಬರುತ್ತಿರಲಿಲ್ಲ. ಒಮ್ಮೊಮ್ಮೆ ಕಾಯೊಂದನ್ನು ಬಲ ಅಂಗೈಯಲ್ಲಿ ಇಟ್ಟುಕೊಂಡು ಕಿವಿಗೊಟ್ಟು ಕೂತಿರುತ್ತಿದ್ದಳು. ಏನನ್ನುತ್ತದೆ ಅತ್ತಿಗೆ ಅಂತ ಒಂದು ದಿನ ಕೇಳಿಬಿಟ್ಟೆ. “ಇದು ಎಡಗೈ ಭಾಷೆ ಕಣೇ” ಅಂದಳು. ಅವಳು ಸಾಯುವ ತನಕ ಇಪ್ಪತ್ತೆಂಟು ವರ್ಷ, ಪ್ರತಿ ಬೆಳಿಗ್ಗೆ ತಲೆ ಬಾಚುವಾಗ ಇವತ್ತು ಕೇಳುತ್ತಾಳೆ ಅಂದುಕೊಳ್ಳುತ್ತಿದ್ದೆ. ನಿಜವಾಗಿ ಹೇಳಿದ್ಯೇನೇ ಅಂತ. ಕೇಳಿದ್ದರೆ ಅತ್ತು ಕಾಲಿಗೆ ಬೀಳುತ್ತಿದ್ದೆ. ಅವಳು ಕೇಳಲೇ ಇಲ್ಲ. ನಾನಾಗಿ ಹೇಳುವ ಬೆಳಗು ಒಂದೂ ಬರಲಿಲ್ಲ.

ಸೋಮವಾರ ಸಿಂಚನ ಕಾಯಿ ಇಳಿಸಿ, ಮಣೆ ಇಟ್ಟು, ಕೂರಿ ಅಜ್ಜಿ ಅಂದಳು. ಕೂತೆ. ಕಾಯಿಯನ್ನು ಎಡಗೈಗೆ ತೆಗೆದುಕೊಂಡೆ, ಮಚ್ಚಿನ ಬೆನ್ನಿಂದ ತಟ್ಟಿದೆ, ಒಡೆದೆ. ಈ ವಯಸ್ಸಲ್ಲೂ ಉಂಡೆ ಉಂಡೆಯಾಗಿಯೇ ಬಂತು. ಅವಳು ನೋಟ್‌ಬುಕ್ಕು ತೆರೆದು ಮಂಡಿಯೂರಿ ಕೂತಿದ್ದಳು. “ಹೆಂಗಿದೆ ಅಜ್ಜಿ?”

ಅವಳ ಕಣ್ಣು ಎಷ್ಟು ಮಿನುಗುತ್ತಿದ್ದವು. ಒಂದು ವರ್ಷದ ಕೆಲಸ. ನನ್ನ ನಾಲಿಗೆಯ ತುದಿಗೆ ಆ ಮಾತು ಬಂದು ಕೂತಿತು. ಪ, ರ. ನಾನು ಬಾಯಿ ಮುಚ್ಚಿಕೊಂಡೆ.

“ಸರಿ ಇಲ್ಲ ಕಣೇ” ಅಂದೆ. “ಮುಂದಕ್ಕೆ ಇಳಿಜಾರು ಜಾಸ್ತಿ, ಭಾರ ಎಲ್ಲಾ ಮಂಡಿಗೆ ಬೀಳ್ತದೆ. ಎಡಗೈ ಮೊಣಕೈ ಊರೋಕೆ ತೊಡೆ ಸಿಗಲ್ಲ, ತೊಡೆ ಸಿಗದಿದ್ರೆ ಅಂಗೈ ಅಲ್ಲಾಡ್ತದೆ, ಅಂಗೈ ಅಲ್ಲಾಡಿದ್ರೆ ಕಾಯಿ ಏನ್ ಹೇಳ್ತದೆ ಅಂತ ಗೊತ್ತಾಗಲ್ಲ.”

ಅವಳ ಮುಖ ಸಣ್ಣದಾಗುತ್ತದೆ ಅಂತ ಕಾದೆ. ಅವಳು ನನ್ನ ಎರಡೂ ಕೆನ್ನೆ ಹಿಂಡಿದಳು. ಎಂಟು ಜನ ಹೆಂಗಸರನ್ನ ಕೇಳಿದೀನಿ ಅಜ್ಜಿ, ಎಲ್ಲರೂ ಪರವಾಗಿಲ್ಲ ಅಂತಾರೆ, ನೀವೊಬ್ಬರೇ ಸರಿಯಾಗಿ ಹೇಳಿದ್ದು ಅಂದಳು. ಬರೆದಳು. ಬರೆದು, ಸರಿಯಾಗಿದೆಯಾ ನೋಡಿ ಅಂತ ಪುಸ್ತಕವನ್ನು ನನ್ನ ಕಡೆ ತಿರುಗಿಸಿದಳು. ಪೆನ್ನು ಕೊಡು ಅಂದೆ. ಅವಳ ಬರಹದ ಕೆಳಗೆ, ಗುಂಡಗೆ, ಒಂದೊಂದೇ ಅಕ್ಷರ ಬರೆದೆ. ‘ಗೌರಮ್ಮ: ಕಾಯಿ ಅಂಗೈ ಜೊತೆ ಮಾತಾಡುತ್ತದೆ. ಬಟ್ಟಲಲ್ಲಿ ಕೂರಿಸಿದರೆ ಮೂಗಿಯಾಗುತ್ತದೆ.’ ಕೈ ಈಗ ನಡುಗುತ್ತದೆ, ಸಾಲು ಮೇಲಕ್ಕೆ ಹೋಯಿತು.

“ಗೌರಮ್ಮ ಅಂದ್ರೆ ಫೋಟೋದಲ್ಲಿರೋ ದೊಡ್ಡಜ್ಜಿ ತಾನೆ?” ಅಂದಳು ಸಿಂಚನ. ಎದ್ದು ಹೋಗಿ ಗೋಡೆಯ ಹತ್ತಿರ ನಿಂತಳು. ಹುಟ್ಟಿದಾಗಿನಿಂದ ನೋಡುತ್ತಿರುವ ಫೋಟೋ. ಈಗ ಕಲಿತ ಓದಿನ ಕಣ್ಣಿಂದ ನೋಡಿದಳೋ ಏನೋ, ತಿರುಗಿ ಕೇಳಿದಳು. “ಅಜ್ಜಿ, ಇವರು ಎಡಗೈ ಯಾಕೆ ಸೆರಗಿನೊಳಗೆ ಇಟ್ಕೊಂಡಿದಾರೆ?”

ಕೊನೆಗೂ ಯಾರೋ ಕೇಳಿದರು. ಪುಸ್ತಕ ತಗೊಂಡು ಬಾ, ಇಲ್ಲಿ ಕೂತ್ಕೋ ಅಂದೆ. ಅವಳು ಬಂದು ಕೂತಳು. ಮಾಲತಿಯವರಿಗೆ ಹೇಳು ಅಂತ ಅತ್ತಿಗೆ ನನಗೆ ಅಂದಿದ್ದನ್ನು, ನಾನು ಹೇಳಿದೆ ಅಂತ ಸುಳ್ಳು ಹೇಳಿದ್ದನ್ನು, ಮೊದಲಿಂದ ಹೇಳಿದೆ.